ಡೊಂಬಿವಲಿಯಲ್ಲಿ ಮನೆಗೇ ಬಂದು ಶೇರ್ಡ್ ಫೋಲ್ಡರ್ ಸರಿ ಮಾಡಿಕೊಟ್ಟ ಹುಡುಗ

ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್‌ನಿಂದ ಹತ್ತು ನಿಮಿಷ ನಡೆದರೆ ಝೆರಾಕ್ಸ್ ಅಂಗಡಿ ಪಕ್ಕ ಒಂದೇ ಶಟರ್‌ನ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಒಬ್ಬ ಹುಡುಗ ನಡೆಸುತ್ತಾನೆ. ಕಳೆದ ತಿಂಗಳು ಮನೆಗೆ ಬಂದು ಎರಡು ಗಂಟೆ ಕೂತು ಕೆಲಸ ಮಾಡಿಕೊಟ್ಟ. ಆ ಕೆಲಸ ನನಗೆ ತುಂಬಾ ಹಿಡಿಸಿತು, ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಅಪ್ಪನ ಡೆಸ್ಕ್‌ಟಾಪ್‌ನಲ್ಲಿ ನಲವತ್ತು ವರ್ಷದ ಫೋಟೋಗಳಿವೆ. ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ನೋಡಿದ ನಾಟಕಗಳು, ಊರಿನ ತೇರು, ಅಜ್ಜಿ ಹಪ್ಪಳ ಒಣಗಿಸುತ್ತಿರುವುದು, ಎಲ್ಲವನ್ನೂ ಅವರೇ ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ. ನನ್ನ ಲ್ಯಾಪ್‌ಟಾಪ್‌ನಿಂದ ಆ ಫೋಲ್ಡರ್ ತೆರೆಯಬೇಕು, ಅಷ್ಟೇ. ಒಂದು ದಿನ ಅಪ್ಪನ ಕಂಪ್ಯೂಟರ್ ಹೆಸರು ಕಾಣಿಸುತ್ತಿತ್ತು, ಒತ್ತಿದರೆ ಪಾಸ್‌ವರ್ಡ್ ಕೇಳುತ್ತಿತ್ತು, ಏನು ಹಾಕಿದರೂ ಒಪ್ಪುತ್ತಿರಲಿಲ್ಲ. ಮರುದಿನ ನೋಡಿದರೆ ಹೆಸರೇ ಇಲ್ಲ. ಮೊದಲು ವಿಚಾರಿಸಿದ ಒಂದು ಅಂಗಡಿಯವರು ನೋಡದೆಯೇ ಫಾರ್ಮ್ಯಾಟ್ ಮಾಡಬೇಕು ಅಂದರು. ಅಪ್ಪ ಹೆದರಿಬಿಟ್ಟರು.

ಈ ಹುಡುಗ ಬಂದವನೇ ಮೌಸ್ ಮುಟ್ಟಲಿಲ್ಲ. ಎರಡೂ ಕಂಪ್ಯೂಟರ್‌ನ ಐಪಿ ಅಡ್ರೆಸ್ (ನೆಟ್‌ವರ್ಕ್‌ನಲ್ಲಿ ಕಂಪ್ಯೂಟರನ್ನು ಗುರುತಿಸುವ ನಂಬರ್) ಹೇಳಿ ಅಂದ, ಚೀಟಿಯಲ್ಲಿ ಒಂದರ ಕೆಳಗೆ ಒಂದು ಬರೆದ. ಅಪ್ಪನದು 192.168.0.5, ನನ್ನದು 192.168.1.4. ಆ ಸೊನ್ನೆಗೂ ಒಂದಕ್ಕೂ ಗೆರೆ ಎಳೆದು, "ಕಾಕಾ, ಮನೆಯಲ್ಲಿ ಎರಡು ರೂಟರ್ ಇದೆ ಅಲ್ವಾ?" ಎಂದು ಅಪ್ಪನನ್ನು ಮರಾಠಿಯಲ್ಲೇ ಕೇಳಿದ. ಹೌದು, ಇತ್ತು. ಅಪ್ಪನ ರೂಮಿಗೆ ಸಿಗ್ನಲ್ ಬರುತ್ತಿರಲಿಲ್ಲ ಅಂತ ಎರಡನೆಯದನ್ನು ಹಾಕಿಸಿದ್ದೆವು. ಅದು ತನ್ನದೇ ಬೇರೆ ನೆಟ್‌ವರ್ಕ್ ಮಾಡಿಕೊಂಡು ಕೂತಿತ್ತು. ಇಂಟರ್ನೆಟ್ ಎರಡರಲ್ಲೂ ಬರುವುದರಿಂದ ನಮಗೆ ಗೊತ್ತೇ ಆಗಿರಲಿಲ್ಲ. ಲ್ಯಾಪ್‌ಟಾಪ್ ಯಾವಾಗಾದರೂ ಎರಡನೆಯ ರೂಟರ್‌ನ ವೈಫೈ ಹಿಡಿದರೆ ಹೆಸರು ಕಾಣುತ್ತಿತ್ತು, ಮೊದಲನೆಯದನ್ನು ಹಿಡಿದರೆ ಮಾಯ. ಆರು ತಿಂಗಳಿಂದ ತಲೆ ತಿನ್ನುತ್ತಿದ್ದ ಪ್ರಶ್ನೆಗೆ ಐದು ನಿಮಿಷದಲ್ಲಿ ಉತ್ತರ ಸಿಕ್ಕಿತು.

ಎರಡನೆಯ ರೂಟರ್‌ನ ಸೆಟ್ಟಿಂಗ್‌ಗೆ ಹೋಗಿ ಅದರ ಅಡ್ರೆಸ್ ಬದಲಿಸಿದ, ಕಂಪ್ಯೂಟರ್‌ಗಳಿಗೆ ಐಪಿ ಹಂಚುವ ಡಿಎಚ್‌ಸಿಪಿ ಆಫ್ ಮಾಡಿದ. ಆಮೇಲೆ ಹಿಂದೆ ಬಗ್ಗಿ ಹೊರಗಿನ ಇಂಟರ್ನೆಟ್‌ಗೆ ಇರುವ ನೀಲಿ ವ್ಯಾನ್ (WAN) ಪೋರ್ಟ್‌ನಲ್ಲಿದ್ದ ಕೇಬಲ್ ಕಿತ್ತು, ಮನೆಯೊಳಗಿನ ನೆಟ್‌ವರ್ಕ್‌ಗೆ ಇರುವ ಪಕ್ಕದ ಹಳದಿ ಲ್ಯಾನ್ (LAN) ಪೋರ್ಟ್‌ಗೆ ಚುಚ್ಚಿದ. ಇನ್ನು ಮೇಲೆ ಐಪಿ ಹಂಚುವುದು ಮೊದಲನೆಯ ರೂಟರ್ ಮಾತ್ರ. ಹೊಸ ರೂಟರ್ ಕೊಳ್ಳಿ ಅಂತ ಒಂದು ಮಾತೂ ಆಡಲಿಲ್ಲ. ನಾನು ಮುಂಬೈಯ ಕಂಪ್ಯೂಟರ್ ಸಾಮಾನಿನ ಬೀದಿ ಲ್ಯಾಮಿಂಗ್ಟನ್ ರೋಡ್‌ಗೆ ಹೋಗಿ ಒಂದು ತರೋಣ ಅಂದುಕೊಂಡಿದ್ದೆ. ಡೊಂಬಿವಲಿಯಿಂದ ದಾದರ್‌ಗೆ ಹೋಗಿ, ಲೈನ್ ಬದಲಿಸಿ, ಗ್ರಾಂಟ್ ರೋಡ್‌ನಲ್ಲಿ ಇಳಿಯುವ ಆ ಓಡಾಟ ಉಳಿಯಿತು, ದುಡ್ಡೂ ಉಳಿಯಿತು.

ಈಗ ಹೆಸರು ಮತ್ತೆ ಕಾಣಲಿಲ್ಲ! ಡೆಸ್ಕ್‌ಟಾಪ್ ಇದನ್ನು ಹೊಸ ನೆಟ್‌ವರ್ಕ್ ಅಂದುಕೊಂಡು ಪಬ್ಲಿಕ್ ಅಂತ ಹಾಕಿಕೊಂಡಿತ್ತು, ಹಾಗಿದ್ದಾಗ ಬೇರೆ ಕಂಪ್ಯೂಟರ್‌ಗಳಿಗೆ ತನ್ನನ್ನು ತೋರಿಸಿಕೊಳ್ಳುವುದಿಲ್ಲ. ಪ್ರೈವೇಟ್ ಮಾಡಿದ ಮೇಲೆ ಬಂತು. ಪಾಸ್‌ವರ್ಡ್ ವಿಷಯ ಇನ್ನೊಂದು. ಅಪ್ಪ ದಿನಾ ನಾಲ್ಕಂಕಿಯ ಪಿನ್ ಹಾಕಿ ಒಳಗೆ ಹೋಗುತ್ತಾರೆ, ನಾವು ಅದನ್ನೇ ಒತ್ತುತ್ತಿದ್ದೆವು. ಪಿನ್ ಆ ಕಂಪ್ಯೂಟರ್ ಮುಂದೆ ಕೂತವರಿಗೆ ಮಾತ್ರ, ನೆಟ್‌ವರ್ಕ್ ಮೂಲಕ ಬರುವವರಿಗೆ ನಡೆಯುವುದಿಲ್ಲವಂತೆ. ಅಕೌಂಟ್‌ನ ನಿಜವಾದ ಪಾಸ್‌ವರ್ಡ್ ಬೇಕು, ಅದು ಅಪ್ಪನಿಗೆ ನೆನಪಿರಲಿಲ್ಲ. ಹಾಗಾಗಿ ಡೆಸ್ಕ್‌ಟಾಪ್‌ನಲ್ಲಿ ನನಗೊಂದು ಬೇರೆ ಲೋಕಲ್ ಯೂಸರ್ ಮಾಡಿಕೊಟ್ಟ.

ಫೋಲ್ಡರ್‌ಗೆ ಪರ್ಮಿಷನ್ ಎರಡು ಕಡೆ ಇರುತ್ತದೆ ಅಂತ ತೋರಿಸಿದ್ದು ಆಮೇಲೆ. ಶೇರಿಂಗ್‌ನಲ್ಲಿ ಒಂದು, ಸೆಕ್ಯುರಿಟಿ ಟ್ಯಾಬ್‌ನಲ್ಲಿ ಒಂದು. ಎರಡರಲ್ಲಿ ಬಿಗಿ ಇರುವುದೇ ನಡೆಯುತ್ತದೆ. ನಾನು ಶೇರಿಂಗ್‌ನಲ್ಲಿ ಎಲ್ಲರಿಗೂ ಕೊಟ್ಟು ಸೆಕ್ಯುರಿಟಿ ಕಡೆ ನೋಡಿರಲೇ ಇಲ್ಲ. ನನ್ನ ಯೂಸರ್‌ಗೆ ಓದುವ ಹಕ್ಕು ಮಾತ್ರ ಇಡಲೇ ಅಂತ ಅಪ್ಪನನ್ನು ಕೇಳಿ ಹಾಗೇ ಇಟ್ಟ. ಈಗ ನನ್ನ ಕೈತಪ್ಪಿನಿಂದ ಅಪ್ಪನ ಒಂದು ಫೋಟೋವೂ ಅಳಿಯುವುದಿಲ್ಲ.

ಹೊರಗಿನವರನ್ನು ತಡೆಯುವ ಫೈರ್‌ವಾಲ್ ಆಫ್ ಮಾಡಿ, ಎಸ್‌ಎಂಬಿ 1 (ನೆಟ್‌ವರ್ಕ್‌ನಲ್ಲಿ ಫೈಲ್ ಹಂಚುವ ಹಳೇ ವಿಧಾನ) ಆನ್ ಮಾಡಿದರೆ ಸುಲಭವಾಗಿ ಆಗುತ್ತೆ ಅಂತ ಯಾರೋ ಹೇಳಿದ್ದರು, ಕೇಳಿದೆ. ಖಂಡಿತ ಬೇಡ ಅಂದ. 2017ರಲ್ಲಿ ವನ್ನಾಕ್ರೈ ವೈರಸ್ ಹರಡಿದ್ದು ಆ ಹಳೇ ಎಸ್‌ಎಂಬಿಯಲ್ಲಿದ್ದ ತೂತಿನಿಂದಲೇ, ನಿಮ್ಮ ಎರಡರಲ್ಲೂ ವಿಂಡೋಸ್ 11 ಇದೆ, ಹಳೆಯದು ಬೇಕಾಗಿಯೇ ಇಲ್ಲ ಅಂದ. ಕೆಲಸ ಬೇಗ ಮುಗಿಯಲಿ ಅಂತ ಬಾಗಿಲು ತೆಗೆದಿಟ್ಟು ಹೋಗದವನು. ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಇದು.

ಕೊರತೆಯೂ ಇದೆ. ಐದಕ್ಕೆ ಬರುತ್ತೇನೆ ಅಂದವನು ಬಂದಿದ್ದು ಏಳಕ್ಕೆ, ಫೋನೂ ಮಾಡಲಿಲ್ಲ. ವಾರದ ನಂತರ ಕರೆಂಟ್ ಹೋಗಿ ಬಂದಾಗ ಡೆಸ್ಕ್‌ಟಾಪ್‌ನ ಐಪಿ ಬದಲಾಯಿತು, ನಾನು ಅಡ್ರೆಸ್‌ನಿಂದ ಮಾಡಿಟ್ಟಿದ್ದ ಶಾರ್ಟ್‌ಕಟ್ ನಿಂತುಹೋಯಿತು. ಅಡ್ರೆಸ್ ಕಾಯಂ ಮಾಡುವುದನ್ನು ಅವತ್ತೇ ಮಾಡಬೇಕಿತ್ತು. ಫೋನ್ ಮಾಡಿದೆ, ಕಾಲು ಗಂಟೆ ಲೈನ್‌ನಲ್ಲೇ ಇದ್ದು ರೂಟರ್‌ನಲ್ಲಿ ರಿಸರ್ವ್ ಮಾಡಿಸಿದ, ದುಡ್ಡು ಕೇಳಲಿಲ್ಲ.

ಮನೆಗೆ ಬಂದಿದ್ದಕ್ಕೆ 600 ರೂಪಾಯಿ ತೆಗೆದುಕೊಂಡ. ಕರೆಯುವವರು ಸಂಜೆ ಆರರ ಮೇಲೆ ಕರೆಯಿರಿ. ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಮೊದಲೇ ಹುಡುಕಿಟ್ಟುಕೊಳ್ಳಿ, ನಮ್ಮಲ್ಲಿ ಅದಕ್ಕೇ ಅರ್ಧ ಗಂಟೆ ಹೋಯಿತು.