ನ್ಯೂಯಾರ್ಕೋ, ನ್ಯೂಹೇವನ್ನೋ: ಪಿಜ್ಜಾ ತಿನ್ನಲು ಎಲ್ಲಿಗೆ ಹೋಗಬೇಕು?

ಅಮೆರಿಕದ ಪೂರ್ವ ಕರಾವಳಿಯಲ್ಲಿ ಒಳ್ಳೆಯ ಪಿಜ್ಜಾ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ನ್ಯೂಯಾರ್ಕಿನವರಿಗೆ ಆ ಪ್ರಶ್ನೆಯೇ ತಮಾಷೆ. ಅಲ್ಲಿಂದ ರೈಲಿನಲ್ಲಿ ಸುಮಾರು ಎರಡು ಗಂಟೆ ದೂರದ ನ್ಯೂಹೇವನ್ನಿನವರು ಮಾತ್ರ ಅದೇ ಪ್ರಶ್ನೆಗೆ ಜಗಳಕ್ಕೇ ನಿಲ್ಲುತ್ತಾರೆ. ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಕೂತು ಇಡೀ ಪಿಜ್ಜಾ ತಿನ್ನುವುದಾದರೆ ನ್ಯೂಹೇವನ್, ನಿಂತುಕೊಂಡು ಒಂದು ಸ್ಲೈಸ್ ತಿನ್ನುವುದಾದರೆ ನ್ಯೂಯಾರ್ಕ್. ಎರಡೂ ಕಡೆ ಒಲೆ ಬೇರೆ, ಆದ್ದರಿಂದ ಹಿಟ್ಟೂ ಬೇರೆ.

ಹೋಲಿಸುವಾಗ ಸಾದಾ ಪಿಜ್ಜಾವನ್ನೇ ತಗೊಳ್ಳಿ. ಮೇಲೆ ಅಣಬೆ, ಈರುಳ್ಳಿ, ಪೆಪ್ಪರೋನಿ ಬಿದ್ದ ಮೇಲೆ ಹಿಟ್ಟಿನ ತಪ್ಪು ಯಾರಿಗೂ ಕಾಣುವುದಿಲ್ಲ.

ನ್ಯೂಯಾರ್ಕಿನ ಸ್ಲೈಸ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಗ್ಯಾಸಿನ ಡೆಕ್ ಅವನ್, ಅಂದರೆ ಕಾದ ಕಲ್ಲುಹಾಸಿನ ಮೇಲೆಯೇ ಪಿಜ್ಜಾ ಇಟ್ಟು ಬೇಯಿಸುವ ಒಲೆ. ಶಾಖ 260ರಿಂದ 290 ಡಿಗ್ರಿ ಸೆಲ್ಸಿಯಸ್ ಆಸುಪಾಸು. 18 ಇಂಚಿನ ಪಿಜ್ಜಾ, ಎಂಟು ತುಂಡು. ಈ ಶಾಖಕ್ಕೆ ಬರೀ ಮೈದಾ, ನೀರು, ಉಪ್ಪು, ಯೀಸ್ಟ್ ಸಾಲದು. ತಳ ಕೆಂಪಾಗುವಷ್ಟರಲ್ಲಿ ಒಳಗೆ ಒಣಗಿಹೋಗುತ್ತದೆ. ಅದಕ್ಕೇ ಹಿಟ್ಟಿಗೆ ಸ್ವಲ್ಪ ಎಣ್ಣೆ, ಚಿಟಿಕೆ ಸಕ್ಕರೆ ಸೇರಿಸಿ, ಒಂದೆರಡು ದಿನ ಫ್ರಿಜ್ಜಿನಲ್ಲಿಟ್ಟು ಹದ ಬರಿಸುತ್ತಾರೆ. ಸಕ್ಕರೆ ಬಣ್ಣಕ್ಕೆ, ಎಣ್ಣೆ ಮೆದುತನಕ್ಕೆ. (ಹಳೆಯ ಅಂಗಡಿಗಳ ಆ ಎಳೆತಕ್ಕೆ ಪೊಟ್ಯಾಶಿಯಂ ಬ್ರೊಮೇಟ್ ಎಂಬ ರಾಸಾಯನಿಕ ಬೆರೆತ ಮೈದಾದ ಪಾಲೂ ಇದೆ. ನಮ್ಮಲ್ಲಿ ಅದನ್ನು 2016ರಲ್ಲೇ ನಿಷೇಧಿಸಲಾಯಿತು. ಮಕ್ಕಳಿಗೆ ಕೊಡಿಸುವವರು ಯಾವ ಮೈದಾ ಎಂದು ಕೇಳಿದರೆ ತಪ್ಪೇನಿಲ್ಲ.)

ಸ್ಲೈಸ್ ಪರೀಕ್ಷೆ ಸುಲಭ. ಅಂಚಿನ ಕಡೆ ಹಿಡಿದು ಉದ್ದಕ್ಕೆ ಮಡಚಿ. ತುದಿ ತುಸು ಬಾಗಬೇಕು, ಜೋತುಬೀಳಬಾರದು. ಮಡಚಿದಲ್ಲಿ ತಳ ಸಣ್ಣಗೆ ಬಿರುಕು ಬಿಡಬೇಕು, ತುಂಡಾಗಬಾರದು. ಇನ್ನು ಪಕ್ಕದಿಂದ ನೋಡಿ: ಸಾಸಿಗೂ ರೊಟ್ಟಿಗೂ ನಡುವೆ ಬಿಳಿಯ, ಅಂಟಂಟಾದ ಪದರ ಕಂಡರೆ ಅಲ್ಲಿ ಹಿಟ್ಟು ಬೆಂದಿಲ್ಲ. ಫ್ರಿಜ್ಜಿನಿಂದ ತೆಗೆದ ಹಿಟ್ಟನ್ನು ತಣ್ಣಗಿರುವಾಗಲೇ ಹಿಗ್ಗಿಸಿದ್ದಾರೆ, ಇಲ್ಲವೇ ಸಾಸ್ ಜಾಸ್ತಿ ಸುರಿದಿದ್ದಾರೆ, ಇಲ್ಲವೇ ಒಂದರ ಹಿಂದೆ ಒಂದು ಪಿಜ್ಜಾ ಹಾಕಿ ಒಲೆಯ ಕಲ್ಲು ತಣ್ಣಗಾಗಿದೆ. ಶುಕ್ರವಾರ ರಾತ್ರಿಯ ನೂಕುನುಗ್ಗಲಿನಲ್ಲಿ ಈ ಮೂರನೆಯದೇ ಹೆಚ್ಚು.

ಆಗಷ್ಟೇ ಒಲೆಯಿಂದ ಬಂದ ಪಿಜ್ಜಾಕ್ಕಿಂತ, ಕೌಂಟರಿನಲ್ಲಿ ಕೊಂಚ ಹೊತ್ತು ಇದ್ದು ಮತ್ತೆ ಒಂದೆರಡು ನಿಮಿಷ ಒಲೆಗೆ ಹೋದ ಸ್ಲೈಸೇ ಚೆನ್ನ ಎನ್ನುವುದು ನಮ್ಮ ಪಕ್ಷ. ಬಿಸಿಬಿಸಿಯದರಲ್ಲಿ ಚೀಸ್ ಇನ್ನೂ ಕೂತಿರುವುದಿಲ್ಲ, ಮಡಚಿದರೆ ಜಾರಿ ಕೈಮೇಲೆ ಬೀಳುತ್ತದೆ. ಎರಡನೆಯ ಸುತ್ತಿನಲ್ಲಿ ತಳದ ತೇವ ಹೋಗಿ ಗರಿಯಾಗುತ್ತದೆ. ಆದರೆ ಗಂಟೆಗಟ್ಟಲೆ ಕಾದ ಸ್ಲೈಸಿಗೆ ಇದು ಮದ್ದಲ್ಲ. ಚೀಸಿನಿಂದ ಎಣ್ಣೆ ಬೇರೆಯಾಗಿ ಮೇಲೆ ಕೆಂಪಗೆ ನಿಲ್ಲುತ್ತದೆ. ವ್ಯಾಪಾರ ಜೋರಾಗಿರುವ ಅಂಗಡಿಯೇ ಸರಿ. 1975ರಿಂದ ಗ್ರೀನಿಚ್ ವಿಲೇಜಿನಲ್ಲಿರುವ ಜೋಸ್ ಪಿಜ್ಜಾ ಈ ಲೆಕ್ಕದಲ್ಲಿ ಮೊದಲಿಗೆ ಬರುತ್ತದೆ.

ನ್ಯೂಯಾರ್ಕಿನಲ್ಲೂ ಕಲ್ಲಿದ್ದಲ ಒಲೆಗಳಿವೆ: ಸ್ಪ್ರಿಂಗ್ ಸ್ಟ್ರೀಟಿನ ಲೊಂಬಾರ್ಡೀಸ್, ಕೋನಿ ಐಲೆಂಡಿನ ಟೊಟೊನ್ನೋಸ್ (1924), ಬ್ಲೀಕರ್ ಸ್ಟ್ರೀಟಿನ ಜಾನ್ಸ್ (1929), ಪೂರ್ವ ಹಾರ್ಲೆಮ್ಮಿನ ಪ್ಯಾಟ್ಸೀಸ್ (1933). ಜಾನ್ಸ್‌ನಲ್ಲಿ ಸ್ಲೈಸ್ ಕೊಡುವುದಿಲ್ಲ, ಇಡೀ ಪಿಜ್ಜಾವೇ. ಒಬ್ಬರೇ ಹೋಗಿ ಕಲ್ಲಿದ್ದಲ ರುಚಿ ನೋಡಬೇಕೆಂದರೆ ಪ್ಯಾಟ್ಸೀಸ್ ಮೇಲು, ಅಲ್ಲಿ ಸ್ಲೈಸ್ ಸಿಗುತ್ತದೆ.

ಇನ್ನು ನ್ಯೂಹೇವನ್. ವೂಸ್ಟರ್ ಸ್ಟ್ರೀಟಿನಲ್ಲಿ ಫ್ರ್ಯಾಂಕ್ ಪೆಪೆ (1925), ಅದೇ ಬೀದಿಯಲ್ಲಿ ಕೆಲವೇ ಹೆಜ್ಜೆ ದೂರಕ್ಕೆ ಪೆಪೆಯವರ ಸೋದರಳಿಯ ಶುರುಮಾಡಿದ ಸ್ಯಾಲೀಸ್ (1938), ಸ್ಟೇಟ್ ಸ್ಟ್ರೀಟಿನಲ್ಲಿ ಮಾಡರ್ನ್ (1934). ಮೊದಲೆರಡರಲ್ಲಿ ಕಲ್ಲಿದ್ದಲ ಒಲೆ, ಮಾಡರ್ನ್‌ನಲ್ಲಿ ಎಣ್ಣೆಯಿಂದ ಉರಿಯುವ ಒಲೆ. ಗ್ರ್ಯಾಂಡ್ ಸೆಂಟ್ರಲ್‌ನಿಂದ ಮೆಟ್ರೋ ನಾರ್ತ್ ರೈಲು ಹಿಡಿದು ನ್ಯೂಹೇವನ್ನಿನಲ್ಲಿ ಇಳಿದರೆ ವೂಸ್ಟರ್ ಸ್ಟ್ರೀಟಿಗೆ ನಡೆದೇ ಹೋಗಬಹುದು.

ಕಲ್ಲಿದ್ದಲ ಬೆಂಕಿ ಒಣ ಬೆಂಕಿ. ಸೌದೆಯ ಹಾಗೆ ಹಸಿ ಆವಿ ಬಿಡುವುದಿಲ್ಲ, ಒಲೆಯ ಒಳಗೆ 300 ಡಿಗ್ರಿ ಮೀರಿದ ಶಾಖ ಗಂಟೆಗಟ್ಟಲೆ ಸಮನಾಗಿ ನಿಲ್ಲುತ್ತದೆ. ಹಿಟ್ಟಿನಲ್ಲಿ ನೀರು ಹೆಚ್ಚು, ತಣ್ಣಗೆ ಇಟ್ಟು ನಿಧಾನವಾಗಿ ಹುಳಿ ಬರಿಸಿದ್ದು. ಆದ್ದರಿಂದ ಹೊರಗೆ ಕರಕಲಾದರೂ ಒಳಗೆ ಜಗಿಯುವ ಹದ ಉಳಿಯುತ್ತದೆ. ದುಂಡಗೆ ಮಾಡುವ ಹಟ ಅವರಿಗಿಲ್ಲ. ಉದ್ದುದ್ದಕ್ಕೆ ಎಳೆದ ಪಿಜ್ಜಾವನ್ನು ಕಾಗದ ಹಾಸಿದ ತಟ್ಟೆಯಲ್ಲಿ ಅಡ್ಡಾದಿಡ್ಡಿ ಕತ್ತರಿಸಿ ತಂದಿಡುತ್ತಾರೆ.

ಅಂಚು ಕಪ್ಪಾಗಿದೆ ಎಂದು ವಾಪಸ್ ಕಳಿಸಬೇಡಿ, ಅದೇ ಇದರ ರುಚಿ. ಆದರೆ ತಳವನ್ನು ಬೆರಳಿನಿಂದ ಉಜ್ಜಿ ನೋಡಿ. ಕಪ್ಪು ಪುಡಿ ದಟ್ಟವಾಗಿ ಅಂಟಿದರೆ ಸುಟ್ಟಿರುವುದು ರೊಟ್ಟಿಯಲ್ಲ, ಅಂಟದಿರಲಿ ಎಂದು ಕೆಳಗೆ ಉದುರಿಸಿದ ಒಣಹಿಟ್ಟು. ಆ ಕಹಿ ಬೇರೆ, ಅದು ದೋಷವೇ.

ಇಲ್ಲಿ ಗೊತ್ತಿಲ್ಲದವರು ಎಡವುವುದು ಆರ್ಡರ್ ಕೊಡುವಾಗ. ಬರೀ ಸಾದಾ ಎಂದರೆ ಟೊಮೆಟೊ ಸಾಸ್ ಮತ್ತು ತುರಿದ ಪೆಕೊರಿನೊ (ಕುರಿಹಾಲಿನ ಗಟ್ಟಿ ಚೀಸ್) ಮಾತ್ರ. ಮೊಝರೆಲ್ಲಾ ಬೇಕಿದ್ದರೆ ಬಾಯಿಬಿಟ್ಟು ಕೇಳಬೇಕು. ಮೊದಲ ಸಲಕ್ಕೆ ಚಿಕ್ಕದು ಎರಡು ತರಿಸಿ, ಒಂದು ಮೊಝರೆಲ್ಲಾ ಹಾಕಿಸಿ, ಒಂದು ಹಾಕಿಸದೆ. ಹಾಕಿಸದ್ದರಲ್ಲೇ ಹಿಟ್ಟಿನ ಹುಳಿ, ಟೊಮೆಟೊದ ಸಿಹಿ ಬಿಡಿಬಿಡಿಯಾಗಿ ತಿಳಿಯುತ್ತದೆ, ನಮ್ಮ ವೋಟು ಅದಕ್ಕೆ. ಟಾಪಿಂಗ್ ಎರಡಕ್ಕಿಂತ ಹೆಚ್ಚು ಬೇಡ. ಅಣಬೆ, ತಾಜಾ ಟೊಮೆಟೊ ನೀರು ಬಿಟ್ಟು ನಡುಭಾಗ ಮುದ್ದೆಯಾಗುತ್ತದೆ. ಸ್ಯಾಲೀಸ್‌ನ ಆಲೂಗಡ್ಡೆ ಪಿಜ್ಜಾಕ್ಕೆ ಈ ಕಾಟ ಕಡಿಮೆ. ಕರಕಲು ಅಷ್ಟಾಗಿ ಒಗ್ಗದ ಹಿರಿಯರು ಜೊತೆಗಿದ್ದರೆ ಮಾಡರ್ನ್‌ಗೆ ಕರೆದುಕೊಂಡು ಹೋಗಿ.

ಪೆಪೆಯ ಹೆಸರಾಂತ ಬಿಳಿ ಕ್ಲ್ಯಾಮ್ ಪಿಜ್ಜಾದಲ್ಲಿ ಸಾಸ್ ಇಲ್ಲ: ಚಿಪ್ಪಿನಿಂದ ಬಿಡಿಸಿದ ಕ್ಲ್ಯಾಮ್ (ನಮ್ಮ ಮರುವಾಯಿಯಂಥದು), ಬೆಳ್ಳುಳ್ಳಿ, ಓರೆಗಾನೊ, ಆಲಿವ್ ಎಣ್ಣೆ, ತುರಿದ ಚೀಸ್. ಮರುವಾಯಿ ಸುಕ್ಕ ತಿಂದು ಬೆಳೆದ ಮಂಗಳೂರಿನವರಿಗೆ ಖಾರ ಕಮ್ಮಿ ಅನ್ನಿಸಬಹುದು, ರುಚಿಗೆ ಮೋಸವಿಲ್ಲ.

ಕಟ್ಟಾ ಸಸ್ಯಾಹಾರಿಗಳು ಒಂದು ವಿಷಯ ತಿಳಿದಿರಬೇಕು. ಪೆಕೊರಿನೊ ರೊಮಾನೊ ಚೀಸಿನ ಹಾಲು ಒಡೆಯಲು ಬಳಸುವುದು ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್. ಪಾರ್ಮಿಜಾನೊ ಆದರೆ ಕರುವಿನದು. ಎರಡನ್ನೂ ಬಿಟ್ಟು, ಬರೀ ಮೊಝರೆಲ್ಲಾ ಹಾಕಿ ಎನ್ನಿ. ಅಮೆರಿಕದ ಕಾರ್ಖಾನೆ ಮೊಝರೆಲ್ಲಾದಲ್ಲಿ ಹೆಚ್ಚಾಗಿ ಪ್ರಾಣಿಮೂಲದ ರೆನೆಟ್ ಇರುವುದಿಲ್ಲ, ಆದರೂ ಕೇಳಿ ಖಾತ್ರಿ ಮಾಡಿಕೊಳ್ಳಿ. ಈ ಒಂದು ವಿಷಯದಲ್ಲಿ ನ್ಯೂಯಾರ್ಕಿನ ಸ್ಲೈಸಿಗೆ ಅಂಕ ಹೆಚ್ಚು, ಅದರ ಮುಖ್ಯ ಚೀಸೇ ಮೊಝರೆಲ್ಲಾ.

ಡೆಟ್ರಾಯಿಟ್, ಶಿಕಾಗೊ ಬಿಟ್ಟಿದ್ದೀರಲ್ಲ ಎಂದು ಕೇಳುವವರಿದ್ದಾರೆ. ಬಡ್ಡೀಸ್ ಎಂಬ ಅಂಗಡಿಯಲ್ಲಿ 1946ರಿಂದ ಬಂದ ಡೆಟ್ರಾಯಿಟ್ ಪಿಜ್ಜಾದಲ್ಲಿ ಉಕ್ಕಿನ ಚೌಕ ತಟ್ಟೆಯ ಅಂಚಿಗೆ ತಾಗಿ ಕೆಂಪಾದ ಚೀಸೇ ಪಂಚಪ್ರಾಣ, ಮೂಲೆಯ ತುಂಡನ್ನೇ ಕೇಳಿ ತಗೊಳ್ಳಿ. ಆಳದ ತಟ್ಟೆಯಲ್ಲಿ ದಪ್ಪಗೆ ಮಾಡುವ ಶಿಕಾಗೊದ ಡೀಪ್ ಡಿಶ್ ಬೇಯಲು ಅರ್ಧ ಗಂಟೆಗೂ ಹೆಚ್ಚು ಬೇಕು, ಚಮಚ ಮುಳ್ಳು ಬೇಕು. ಚೆನ್ನಾಗಿರುತ್ತದೆ, ಆದರೆ ಈ ಪಂದ್ಯದ ಆಟಗಾರನಲ್ಲ.

ನ್ಯೂಹೇವನ್ನಿನದನ್ನು ಕಟ್ಟಿಸಿಕೊಂಡು ರೈಲು ಹತ್ತುವವರು ಡಬ್ಬಿಯ ಮುಚ್ಚಳವನ್ನು ಮೊದಲ ಹತ್ತು ನಿಮಿಷ ಅರೆತೆರೆದು ಹಿಡಿಯಿರಿ, ಇಲ್ಲದಿದ್ದರೆ ಆವಿಗೆ ತಳ ಮೆತ್ತಗಾಗುತ್ತದೆ. ಮನೆಗೆ ಬಂದ ಮೇಲೆ ಕಬ್ಬಿಣದ ದೋಸೆ ತವಾ ಮಧ್ಯಮ ಉರಿಯಲ್ಲಿ ಕಾಯಿಸಿ, ಎಣ್ಣೆ ಹಾಕದೆ ತುಂಡನ್ನು ಎರಡು ನಿಮಿಷ ಇಡಿ. ಆಮೇಲೆ ಪಕ್ಕದಲ್ಲಿ ನಾಲ್ಕು ಹನಿ ನೀರು ಬಿಟ್ಟು ಒಂದು ನಿಮಿಷ ಮುಚ್ಚಿ. ತಳ ಗರಿಯಾಗಿಯೇ ಇರುತ್ತದೆ, ಮೇಲಿನ ಚೀಸ್ ಕರಗುತ್ತದೆ. ಮೈಕ್ರೋವೇವ್‌ಗೆ ಇಟ್ಟರೆ ಹಲ್ಲಿಗೆ ಕೆಲಸ.