ಎಂಟರ ಫ್ಲೈ ರಾಡ್, ಆರು ವರ್ಷ, ಒಂದು ಸೈಕಲ್ ಟ್ಯೂಬ್

ಗರಿಯಿಂದ ಕಟ್ಟಿದ ಗಾಳ, ಅಂದರೆ ಫ್ಲೈ, ಬೀಸಿ ಮೀನು ಹಿಡಿಯುವ ಕೋಲು ಇದು; ಎಂಟು ಅನ್ನುವುದು ಅದಕ್ಕೆ ಹೊಂದುವ ಲೈನಿನ ತೂಕದ ನಂಬರು. ಉದ್ದ ಎಷ್ಟು, ಎಷ್ಟು ತುಂಡು, ಯಾವ ಬಣ್ಣ ಎಲ್ಲ ಮಾರುವವರ ಪುಟದಲ್ಲೇ ಇದೆ. ನಾನು 2019ರಲ್ಲಿ ರೀಲು, ಲೈನು ಸೇರಿ 11,000 ರೂಪಾಯಿ ಕೊಟ್ಟು ತರಿಸಿದ್ದು. ಸೊಸೈಟಿ ಗುಮಾಸ್ತನ ಪಗಾರಕ್ಕೆ ಇದು ಸಣ್ಣ ಮೊತ್ತವಲ್ಲ. ಮನೆಯಲ್ಲಿ ಐದು ಸಾವಿರ ಅಂತ ಹೇಳಿಟ್ಟಿದ್ದೇನೆ, ದಯವಿಟ್ಟು ಯಾರೂ ಬಾಯಿ ಬಿಡಬೇಡಿ.

ನನ್ನ ತಕರಾರು ಒಂದೇ, ರೀಲ್ ಸೀಟು. ರೀಲನ್ನು ಹಿಡಿದಿಡುವ ಉಂಗುರ ಎರಡನೇ ತಿಂಗಳಿಗೇ ಸಡಿಲಾಯಿತು. ಎಷ್ಟು ತಿರುಗಿಸಿ ಬಿಗಿ ಮಾಡಿದರೂ ನಾಲ್ಕು ಸಲ ಬೀಸುವಷ್ಟರಲ್ಲಿ ಕಟಕಟ ಶುರು. ಕಂಪನಿಗೆ ಮೂರು ಮೇಲ್ ಹಾಕಿದೆ. 'ಉಪ್ಪುನೀರಿನಲ್ಲಿ ಬಳಸಿದ್ದೀರಿ' ಅಂತ ಉತ್ತರ ಬಂತು. ಎಂಟರ ರಾಡನ್ನು ಅಳಿವೆಯಲ್ಲಿ ಬಳಸದೆ ಅಕ್ವೇರಿಯಮ್ಮಿನಲ್ಲಿ ಬಳಸಬೇಕಿತ್ತೇನೋ! ಡಬ್ಬಿಯ ಮೇಲೆ ಸಮುದ್ರದ್ದೇ ಚಿತ್ರ ಬೇರೆ.

ಆಗ ಕಾರವಾರದ ಕಾಳಿ ನದಿಯಾಚೆಯ ಸದಾಶಿವಗಡದ ಕಡೆಯಿಂದ ಸೈಕಲ್ಲಿನಲ್ಲಿ ಬಂದ, ನನಗೆ ಬೀಸುವುದು ಕಲಿಸಿದ ಮಾಸ್ತರು ರಾಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದರು. ಸೈಕಲ್ ಸೀಟಿನ ಕೆಳಗಿನ ಚೀಲದಿಂದ ಹಳೆ ಟ್ಯೂಬಿನ ತುಂಡು ತೆಗೆದು ಬೆರಳಗಲ ಕತ್ತರಿಸಿ, ರೀಲಿನ ಪಾದದ ಕೆಳಗಿಟ್ಟು ಉಂಗುರ ಬಿಗಿದರು. "ಕಂಪನಿಯವರು ಬರೋ ತನಕ ಇದು ಸಾಕು ತಮಾ." ಕಂಪನಿಯವರು ಇನ್ನೂ ಬಂದಿಲ್ಲ.

ಅವರು ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಪ್ರಾಯದಲ್ಲಿ ನೀಲಗಿರಿಯ ಟೀ ಎಸ್ಟೇಟಿನಲ್ಲಿ ರೈಟರ್ ಆಗಿದ್ದಾಗ, 1907ರಲ್ಲಿ ಟ್ರೌಟ್ ಎಂಬ ತಣ್ಣೀರಿನ ಮೀನಿನ ಮರಿಗಳ ಹ್ಯಾಚರಿ ಶುರುವಾದ ಅವಲಾಂಚಿ ಕಡೆಯ ಹೊಳೆಗಳಲ್ಲಿ ಬೀಸುವುದನ್ನು ಕಲಿತರಂತೆ. ಊರಿಗೆ ಬಂದ ಮೇಲೆ ಕಾಳಿಯಲ್ಲಿ ಟ್ರೌಟ್ ಎಲ್ಲಿಂದ ಬರಬೇಕು? ಚೊಣಕು ಅನ್ನುವ ಅಳಿವೆಯ ಮೀನಿಗೆ ಅಂತ ಅದೇ ವಿದ್ಯೆಯನ್ನು ತಿರುಗಿಸಿಕೊಂಡರು. ಅವರು ಕಟ್ಟುತ್ತಿದ್ದ ಫ್ಲೈ ಅಂದರೆ ಹುಂಜದ ಕುತ್ತಿಗೆಯ ಬಿಳಿ ಗರಿ, ಅವರ ಹೆಂಡತಿ ಕಾಕಿಯ ಹಳೆ ಸೀರೆಯ ಜರಿ, ಮೇಲೆ ಎರಡು ಭಾರದ ಕಣ್ಣು. ಕಣ್ಣಿನ ಭಾರಕ್ಕೆ ಗಾಳದ ಮೊನೆ ಮೇಲ್ಮುಖವಾಗಿ ಸಾಗುತ್ತದೆ, ಕಾಂಡ್ಲಾದ (ಮ್ಯಾಂಗ್ರೋವ್ ಗಿಡದ) ಬೇರಿಗೆ ಸಿಕ್ಕಿಕೊಳ್ಳುವುದು ಕಡಿಮೆ. ಅಂಗಡಿಯ ಫ್ಲೈ ಒಂದಕ್ಕೆ ಮುನ್ನೂರು ರೂಪಾಯಿ ಕೇಳುತ್ತಿದ್ದರು, ಮಾಸ್ತರದ್ದು ಒಂದು ಕಪ್ ಚಹಾಕ್ಕೆ ಎರಡು.

ಮಾಮೂಲಿ ಗಾಳದಲ್ಲಿ ಸೀಸದ ಭಾರ ದಾರವನ್ನು ಎಳೆದೊಯ್ಯುತ್ತದೆ. ಇಲ್ಲಿ ಗರಿಯ ಭಾರ ಲೆಕ್ಕಕ್ಕಿಲ್ಲ, ಎಳೆದೊಯ್ಯುವುದು ಲೈನಿನದೇ ಭಾರ. ಎಂಟರ ಲೈನಿನ ಮೊದಲ 30 ಅಡಿ ಸುಮಾರು 13.6 ಗ್ರಾಂ ತೂಗುತ್ತದೆ. ಅದು ಹಿಂದೆ ಪೂರ್ತಿ ಚಾಚಿಕೊಳ್ಳುವ ತನಕ ಕೈ ತಡೆಯಬೇಕು. ನನಗೆ ಆ ತಾಳ್ಮೆಯೇ ಇರಲಿಲ್ಲ. ಗಡಿಯಾರದ ಮುಖ ನೆನಪಿಟ್ಟುಕೋ, ರಾಡನ್ನು ಹತ್ತರ ಅಂಕಿಗೂ ಎರಡರ ಅಂಕಿಗೂ ನಡುವೆ ಬೀಸು ಅಂತ ಮಾಸ್ತರು ಹೇಳಿ ಹೇಳಿ ಸೋತು, ಕೊನೆಗೆ ಕಾಯುವ ಹೊತ್ತನ್ನು ಮೀನಿನ ಹೆಸರಿನಿಂದ ಅಳೆಯಲು ಕಲಿಸಿದರು. ಲೈನ್ ಗಿಡ್ಡ ಇದ್ದರೆ ಹಿಂದೆ ಬೀಸಿ 'ಬಾಂಗ್ಡೆ' ಅಂದು ಮುಂದೆ ಬೀಸು. ಉದ್ದ ಇದ್ದರೆ 'ಇಸ್ವಾ...ಣ' ಅನ್ನು. ಕೋಡಿಬಾಗದ ದಂಡೆಯಲ್ಲಿ ನಾನು ಒಬ್ಬನೇ ನಿಂತು ಮೀನು ಮಾರುವವನ ಹಾಗೆ ಕೂಗುತ್ತಿದ್ದೆ. ಈಗಲೂ ಕೂಗುತ್ತೇನೆ, ಮನಸ್ಸಿನಲ್ಲಿ.

ರಾಡಿನ ಬಗ್ಗೆಯೇ ಹೇಳುವುದಾದರೆ, ಮಧ್ಯಾಹ್ನದ ಪಡುಗಾಳಿಗೂ ಎದೆಗೊಟ್ಟು ನಿಲ್ಲುತ್ತದೆ. ಮೂರು ಕಿಲೋದ ಚೊಣಕು ಒಂದೇ ಒಂದು, ಉಳಿದದ್ದೆಲ್ಲ ಅಂಗೈಯಗಲದ ತಾಂಬುಸೊ ಮೀನು. ಇಳಿತದ ನೀರು ಕಾಂಡ್ಲಾದೊಳಗಿಂದ ಹೊರಬೀಳುವ ಹೊತ್ತೇ ಒಳ್ಳೆಯದು. ಮನೆಗೆ ಬಂದ ಮೇಲೆ ಬಾವಿನೀರಿನ ಬಕೆಟ್ಟಿನಲ್ಲಿ ರೀಲು ಅದ್ದಿ, ಹಳೆ ಪಂಚೆಯ ಚೂರಿನಿಂದ ಲೈನನ್ನು ಮೊಳ ಮೊಳ ಒರೆಸಿ, ತುಂಡುಗಳು ಸೇರುವ ಕಡೆ ಮೇಣದಬತ್ತಿ ಉಜ್ಜಿ, ನೆರಳಲ್ಲಿ ಒರಗಿಸುತ್ತೇನೆ. ಹೆಂಡತಿಯ ಲೆಕ್ಕದಲ್ಲಿ ಇಷ್ಟು ಉಪಚಾರ ಅವಳ ತವರಿನವರಿಗೂ ಆಗಿಲ್ಲ.

ಕಾಳಿಯ ಹಳೆ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಬಿತ್ತಲ್ಲ, ಅದೇ ವರ್ಷ ದೀಪಾವಳಿಗೆ ಮುಂಚೆ ಮಾಸ್ತರು ಹೋದರು. ಆಮೇಲೆ ನಾಲ್ಕು ತಿಂಗಳು ರಾಡು ಗೋಡೆಗೇ ಒರಗಿತ್ತು. ಮತ್ತೆ ತೆಗೆದಾಗ ಉಪ್ಪು ತಿಂದು ಟ್ಯೂಬು ಬಿರುಕು ಬಿಟ್ಟಿತ್ತು, ಮೊದಲ ಬೀಸಿಗೇ ಕಟಕಟ. ಸಿಟ್ಟು ಬಂದು ಕಂಪನಿಗೆ ನಾಲ್ಕನೇ ಮೇಲ್ ಬರೆಯಲು ಕೂತವನು ಅರ್ಧಕ್ಕೇ ಎದ್ದು ಮಾಸ್ತರ ಮನೆಗೆ ಹೋದೆ.

ಸೈಕಲ್ಲು ಜಗಲಿಯ ಕಂಬಕ್ಕೆ ಒರಗಿಯೇ ಇತ್ತು, ಸೀಟಿನ ಮೇಲೆ ಹಪ್ಪಳದ ತಟ್ಟೆ. ಟ್ಯೂಬಿನ ಒಂದು ಚೂರು ಬೇಕಿತ್ತು ಅಂತ ಕಾಕಿಗೆ ಹೇಳಲು ನಾಲಿಗೆ ಏಳಲಿಲ್ಲ. ಚಹಾ ಕುಡಿದು, ಅದು ಇದು ಮಾತಾಡಿ, ಕೊನೆಗೆ ಹೇಳಿದೆ.

ಕಾಕಿ ತಟ್ಟೆ ಇಳಿಸಿ ಕತ್ತರಿ ತಂದುಕೊಟ್ಟರು. "ಹಿಂದಿನ ಚಕ್ರದ್ದು ತಗೋ. ಮುಂದಿನದ್ದರಲ್ಲಿ ಬರೀ ಪಂಚರು."

ಹಳೆ ತುಂಡು ರೀಲಿನ ಪಾದಕ್ಕೆ ಅಂಟಿಕೊಂಡಿತ್ತು, ಬ್ಲೇಡಿನಿಂದ ಎಬ್ಬಿಸಬೇಕಾಯಿತು. ಹೊಸದು ಕೂರಿಸಿದ ಮೇಲೆ ಸದ್ದಿಲ್ಲ.

ಸ್ಟಾರ್ ಮೂರು. ರಾಡಿಗೆ ಎರಡೇ, ಇನ್ನೊಂದು ಸೈಕಲ್ಲಿನದು.