ಏಳು ವರ್ಷ ದಿನವೂ ವಿಟಮಿನ್ ಗುಳಿಗೆ ನುಂಗಿದ ಮೇಲೆ ನಮ್ಮ ಮನೆಯಲ್ಲಿ ಉಳಿದದ್ದು

ಬಳಕೆಯ ಅವಧಿ: 2018ರ ಜೂನ್‌ನಿಂದ 2025ರವರೆಗೆ. ಬಳಸಿದವರು ಇಬ್ಬರು. ಕಾರವಾರದಲ್ಲಿ ಹೈಸ್ಕೂಲು ಶಿಕ್ಷಕಿಯಾಗಿರುವ ನಾನು, ಶಿರಸಿಯಿಂದ ಹುಲೇಕಲ್ ಕಡೆ ಹೋಗುವ ದಾರಿಯ ಊರಿನಲ್ಲಿರುವ ನಮ್ಮ ಆಯಿ, ಅಂದರೆ ತಾಯಿ. ಇಬ್ಬರೂ ಮೀನು, ಮೊಟ್ಟೆ ಮುಟ್ಟದವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಳಗಿನ ಅರ್ಧ ಮಾತು ಬಾಂಗಡೆ ತಿನ್ನುವ ಮನೆಗೆ ಹೊಂದುವುದಿಲ್ಲ.

2018ರ ಮಳೆಗಾಲದಲ್ಲಿ ಬೆಳಿಗ್ಗೆ ಎದ್ದರೆ ಮೈ ಭಾರ, ಸಂಜೆ ಶಾಲೆಯಿಂದ ಬಂದರೆ ಮೊಣಕಾಲಿನ ಕೆಳಗೆ ಜೋಮು ಹಿಡಿದಂಥ ನೋವು. ರಕ್ತ ಪರೀಕ್ಷೆ ಮಾಡಿಸುವ ಯೋಚನೆ ಬರಲಿಲ್ಲ. ಔಷಧಿ ಅಂಗಡಿಗೆ ಹೋಗಿ ಸುಸ್ತು ಎಂದೆ, ಮಲ್ಟಿವಿಟಮಿನ್ ಡಬ್ಬಿ ಕೊಟ್ಟರು. ಆಮೇಲೆ ಅದಕ್ಕೆ ಕ್ಯಾಲ್ಸಿಯಂ ಸೇರಿತು, ಕೂದಲು ಉದುರುತ್ತದೆಂದು ಬಯೋಟಿನ್ ಬಂತು, ಕೋವಿಡ್ ವರ್ಷದಲ್ಲಿ ಎಲ್ಲರ ಮನೆಗೂ ಬಂದ ಹಾಗೆ ನಮ್ಮ ಮನೆಗೂ ವಿಟಮಿನ್ ಸಿ ಮತ್ತು ಸತು ಬಂದವು. 2020ರ ಹೊತ್ತಿಗೆ ತಿಂಗಳಿಗೆ ಸುಮಾರು 1,600 ರೂಪಾಯಿ ಇದಕ್ಕೇ ಹೋಗುತ್ತಿತ್ತು. ನಾನು ತಗೊಳ್ಳುವ ಮಲ್ಟಿವಿಟಮಿನ್ನನ್ನೇ ಆಯಿಗೂ ಕೊಂಡೊಯ್ದು ಕೊಡುತ್ತಿದ್ದೆ.

ಪರಿಣಾಮ ಗೊತ್ತಾಯಿತೇ ಅಂದರೆ, ಮೊದಲ ಒಂದು ತಿಂಗಳು ಏನೋ ಚೈತನ್ಯ ಬಂದ ಹಾಗೆ ಅನ್ನಿಸಿದ್ದು ನಿಜ. ಮತ್ತೆ ಮೊದಲಿನ ಹಾಗೇ ಆಯಿತು. ಕಣ್ಣಿಗೆ ಕಂಡ ಒಂದೇ ಬದಲಾವಣೆ ಮೂತ್ರ ಗಾಢ ಹಳದಿಯಾಗಿದ್ದು. ಗುಳಿಗೆಯಲ್ಲಿರುವ ಬಿ2, ಅಂದರೆ ರೈಬೋಫ್ಲೇವಿನ್, ದೇಹಕ್ಕೆ ಬೇಕಾದದ್ದಕ್ಕಿಂತ ಹೆಚ್ಚಿದ್ದರೆ ಹಾಗೆ ಹೊರಗೆ ಹೋಗುತ್ತದೆ.

ಕರಾವಳಿಯಲ್ಲಿರುವವರಿಗೆ ಒಂದು ಮಾತು. ನೂರು ಗುಳಿಗೆಯ ಡಬ್ಬಿ ಅಗ್ಗ ಎಂದು ತರಬೇಡಿ. ಕೋಡಿಬಾಗದ ನಮ್ಮ ಬಾಡಿಗೆ ಮನೆಯಲ್ಲಿ ಜುಲೈ ತಿಂಗಳಲ್ಲಿ ಉಪ್ಪಿನ ಭರಣಿಯೇ ನೀರಾಗುತ್ತದೆ. ದಿನವೂ ಮುಚ್ಚಳ ತೆಗೆದು ಮುಚ್ಚುತ್ತಿದ್ದ ಡಬ್ಬಿಯ ವಿಟಮಿನ್ ಸಿ ಗುಳಿಗೆಗಳ ಮೇಲೆ ಮೂರನೇ ವಾರಕ್ಕೆ ಕಂದು ಚುಕ್ಕೆ ಎದ್ದವು, ಮೆತ್ತನೆಯ ಕ್ಯಾಪ್ಸೂಲ್‌ಗಳು ಒಂದಕ್ಕೊಂದು ಅಂಟಿ ಮುದ್ದೆಯಾದವು. ಬಣ್ಣ ಬದಲಾದ ವಿಟಮಿನ್ ಸಿಯಲ್ಲಿ ಸತ್ವ ಕಡಿಮೆಯಾಗಿರುತ್ತದೆ. ಒಂದೊಂದಾಗಿ ಒಡೆಯುವ ಸ್ಟ್ರಿಪ್ ಇದ್ದರೆ ಅದನ್ನೇ ತನ್ನಿ.

ಹಣ ಹೋದದ್ದಕ್ಕಿಂತ ದೊಡ್ಡ ತೊಂದರೆ ಕೊಟ್ಟದ್ದು ಕ್ಯಾಲ್ಸಿಯಂ ಮತ್ತು ಬಯೋಟಿನ್. ನನಗೆ ಥೈರಾಯಿಡ್ ಕಡಿಮೆ ಇದೆ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಗುಳಿಗೆ ಇದೆ. ಮರೆತುಹೋಗುತ್ತದೆಂದು ಕ್ಯಾಲ್ಸಿಯಂ ಅನ್ನೂ ಅದರ ಜೊತೆಗೇ ನುಂಗುತ್ತಿದ್ದೆ. ಕ್ಯಾಲ್ಸಿಯಂ ಆಗಲಿ ಕಬ್ಬಿಣ ಆಗಲಿ ಥೈರಾಯಿಡ್ ಗುಳಿಗೆ ಹೀರಿಕೆಯಾಗದಂತೆ ತಡೆಯುತ್ತವೆ, ನಡುವೆ ನಾಲ್ಕು ತಾಸು ಅಂತರ ಬೇಕು. ಇದು ಗೊತ್ತಾಗುವ ಹೊತ್ತಿಗೆ ನನ್ನ ಟಿಎಸ್‌ಎಚ್ (ಥೈರಾಯಿಡ್ ಕಡಿಮೆಯಾದಷ್ಟೂ ಏರುವ ಹಾರ್ಮೋನ್) ಏರಿ ಗುಳಿಗೆಯ ಪ್ರಮಾಣ ಹೆಚ್ಚಿಸಿಯಾಗಿತ್ತು. ಮುಂದಿನ ವರ್ಷ ಅದಕ್ಕೆ ತದ್ವಿರುದ್ಧ. ಟಿಎಸ್‌ಎಚ್ ಇದ್ದಕ್ಕಿದ್ದಂತೆ ತೀರಾ ಕೆಳಗೆ ಬಂತು. ಪ್ರಮಾಣ ಇಳಿಸುವ ಮೊದಲು ಡಾಕ್ಟರು ಕೂದಲಿಗೆ ಏನಾದರೂ ತಗೊಳ್ತೀರಾ ಎಂದು ಕೇಳಿದ್ದು ನನ್ನ ಪುಣ್ಯ. ಕೂದಲಿನ ಗುಳಿಗೆಯಲ್ಲಿ 10,000 ಮೈಕ್ರೋಗ್ರಾಂ ಬಯೋಟಿನ್ ಇತ್ತು. ಎಷ್ಟೋ ಲ್ಯಾಬ್‌ಗಳ ಹಾರ್ಮೋನ್ ಪರೀಕ್ಷೆಯಲ್ಲಿ ಬಯೋಟಿನ್ ಅನ್ನೇ ಅಂಟಿನ ಹಾಗೆ ಬಳಸುತ್ತಾರೆ. ರಕ್ತದಲ್ಲಿ ಅದು ತುಂಬಿದ್ದರೆ ಲೆಕ್ಕ ತಪ್ಪುತ್ತದೆ. ಬಯೋಟಿನ್ ನಿಲ್ಲಿಸಿ ವಾರ ಬಿಟ್ಟು ಪರೀಕ್ಷೆ ಮಾಡಿಸಿದರೆ ಟಿಎಸ್‌ಎಚ್ ಸರಿಯಾಗಿಯೇ ಇತ್ತು. ಕೂದಲು ಉದುರುವುದು ಮಾತ್ರ ಗುಳಿಗೆ ಇದ್ದಾಗಲೂ ಒಂದೇ, ಬಿಟ್ಟಾಗಲೂ ಒಂದೇ.

ಈಗ ಆಯಿಯ ವಿಷಯ. ಈ ವಿಮರ್ಶೆ ಬರೆಯಲು ಕೂತದ್ದೇ ಇದಕ್ಕಾಗಿ.

2021ರ ಡಿಸೆಂಬರ್, ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲಿನ ದಿನ. ರಜೆ ಹಾಕಿ ಊರಿಗೆ ಹೋಗಿದ್ದೆ. ಸಂಜೆ ಜಗಲಿಯಲ್ಲಿ ಎಲ್ಲರೂ ಕೂತು ಅಡಿಕೆ ಸುಲಿಯುತ್ತಿದ್ದೆವು. ಆಯಿ ಐವತ್ತು ವರ್ಷದಿಂದ ಮೆಟ್ಟುಗತ್ತಿಯ ಮುಂದೆ ಕೂತವಳು, ಕತ್ತಿಯ ಕಡೆ ನೋಡದೇ ಮಾತಾಡುತ್ತ ಸುಲಿಯುವ ಕೈ ಅದು. ಅವಳ ಬುಟ್ಟಿಗೆ ಬಿದ್ದ ಹಸಿ ಅಡಿಕೆಯ ಮೇಲೆ ಕೆಂಪು ಕಂಡಿತು. ಇನ್ನೊಂದರ ಮೇಲೂ ಕಂಡಿತು. ಕೈ ಹಿಡಿದು ನೋಡಿದರೆ ತೋರುಬೆರಳಿನ ತುದಿ ಸೀಳಿ ರಕ್ತ ಅಂಗೈಗೆ ಇಳಿದಿತ್ತು. ಅವಳಿಗೆ ಗೊತ್ತೇ ಇರಲಿಲ್ಲ. "ಕೈಗೆ ಎಂತೂ ಗೊತ್ತಾಗ್ತಿಲ್ಲೆ, ಸುಮಾರು ದಿನ ಆತು" ಅಂದಳು, ಚಳಿಗೆ ಹಾಗಾಗಿದೆ ಎಂಬಂತೆ. ಆಮೇಲೆ ಕೇಳಿದರೆ ತೋಟದ ಕೆಸರಲ್ಲಿ ಚಪ್ಪಲಿ ಕಳಚಿಹೋದದ್ದೂ ತಿಳಿಯದೇ ಮನೆವರೆಗೆ ಬರಿಗಾಲಲ್ಲಿ ಬಂದ ದಿನಗಳಿದ್ದವಂತೆ.

ಶಿರಸಿಯಲ್ಲಿ ಪರೀಕ್ಷೆ ಮಾಡಿಸಿದೆವು. ಬಿ12 ಬಂದದ್ದು 96. ಸಾಮಾನ್ಯವಾಗಿ 200ಕ್ಕಿಂತ ಕೆಳಗಿದ್ದರೆ ಕೊರತೆ ಅನ್ನುತ್ತಾರೆ. ಡಾಕ್ಟರು ಅವಳ ಗುಳಿಗೆಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಡಿಸಿದರು. ಸಕ್ಕರೆ ಕಾಯಿಲೆಗೆ 2009ರಿಂದ ಮೆಟ್‌ಫಾರ್ಮಿನ್. ಗ್ಯಾಸ್ಟ್ರಿಕ್ ಎಂದು ವರ್ಷಗಳಿಂದ ದಿನಕ್ಕೊಂದು ಪ್ಯಾಂಟೊಪ್ರಜೋಲ್. ನಾನು ಕೊಡುತ್ತಿದ್ದ ಮಲ್ಟಿವಿಟಮಿನ್. ಅವರು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಆಹಾರದಲ್ಲಿರುವ ಬಿ12 ಬಿಡುಗಡೆಯಾಗಲು ಹೊಟ್ಟೆಯ ಆಮ್ಲ ಬೇಕು, ಪ್ಯಾಂಟೊಪ್ರಜೋಲ್ ಆ ಆಮ್ಲವನ್ನೇ ತಗ್ಗಿಸುತ್ತದೆ. ಬಿಡುಗಡೆಯಾದದ್ದನ್ನು ಸಣ್ಣಕರುಳಿನ ಕೊನೆಯ ಭಾಗ ಹೀರಬೇಕು, ಅಲ್ಲಿ ಮೆಟ್‌ಫಾರ್ಮಿನ್ ಅಡ್ಡ ಬರುತ್ತದೆ. ಇನ್ನು ಸಸ್ಯಾಹಾರಿಗೆ ಬಿ12 ಸಿಗುವುದು ಹಾಲು ಮೊಸರಿನಿಂದ ಮಾತ್ರ. ನಮ್ಮ ಕೊಟ್ಟಿಗೆ ಖಾಲಿಯಾಗಿ ಆಗಲೇ ಆರು ವರ್ಷ. ಹಸು ಇದ್ದಾಗ ಲೋಟದ ತುಂಬ ಹಾಲು ಕುಡಿಯುತ್ತಿದ್ದವಳು ಈಗ ಪ್ಯಾಕೆಟ್ ಹಾಲಿನ ಚಹಾ, ನೀರು ಮಜ್ಜಿಗೆಯ ತಂಬುಳಿಯಲ್ಲಿ ದಿನ ಕಳೆಯುತ್ತಿದ್ದಳು. ಒಂದೆಲಗ, ದೊಡ್ಡಪತ್ರೆ ಎಷ್ಟೇ ಒಳ್ಳೆಯದಿರಲಿ, ಸೊಪ್ಪಿನಲ್ಲಿ ಬಿ12 ಇಲ್ಲ.

ಹಾಗಾದರೆ ಮಲ್ಟಿವಿಟಮಿನ್‌ನಲ್ಲಿ ಬಿ12 ಇತ್ತಲ್ಲ? ಇತ್ತು, 1 ಮೈಕ್ರೋಗ್ರಾಂ. ಹೀರಿಕೆಯ ದಾರಿಯೇ ಕೆಟ್ಟಿರುವಾಗ ಅದು ಎಲ್ಲಿಗೂ ಸಾಲದು. ಅದಕ್ಕಿಂತ ನನ್ನನ್ನು ಕಾಡಿದ್ದು ಅದೇ ಗುಳಿಗೆಯಲ್ಲಿದ್ದ ಫೋಲಿಕ್ ಆಮ್ಲ. ಬಿ12 ಕೊರತೆಯಿಂದ ಬರುವ ರಕ್ತಹೀನತೆಯನ್ನು ಫೋಲಿಕ್ ಆಮ್ಲ ಸರಿಮಾಡಿ ತೋರಿಸಬಲ್ಲದು, ನರಗಳ ಹಾನಿಯನ್ನು ತಡೆಯಲಾರದು. ಆಯಿಯ ಹಿಮೋಗ್ಲೋಬಿನ್ 11.8 ಇತ್ತು. ವರ್ಷವರ್ಷ ಅದನ್ನು ನೋಡಿ ರಕ್ತ ಚೆನ್ನಾಗಿದೆ ಎಂದು ನಾವೆಲ್ಲ ಸಮಾಧಾನ ಮಾಡಿಕೊಂಡಿದ್ದೆವು. ವಿಟಮಿನ್ ಕೊಡ್ತಾ ಇದ್ದೇನಲ್ಲ ಎಂಬ ನೆಮ್ಮದಿಯೇ ನನ್ನನ್ನು ಪರೀಕ್ಷೆ ಮಾಡಿಸದಂತೆ ಮಾಡಿತು. ಮೂರು ವರ್ಷ ಹಾಗೆ ಹೋಯಿತು. ಈ ಸಂಕಟ ನನಗೆ ಇನ್ನೂ ಹೋಗಿಲ್ಲ.

ಮೊದಲು ದಿನ ಬಿಟ್ಟು ದಿನ ಬಿ12 ಇಂಜೆಕ್ಷನ್, ಆಮೇಲೆ ವಾರಕ್ಕೊಂದು, ನಂತರ ತಿಂಗಳಿಗೊಂದು. ಈಗ ದಿನಕ್ಕೆ 1500 ಮೈಕ್ರೋಗ್ರಾಂನ, ಬಿ12ನದೇ ಒಂದು ರೂಪವಾದ ಮಿಥೈಲ್‌ಕೋಬಾಲಮಿನ್ ಗುಳಿಗೆ. ಇಷ್ಟು ದೊಡ್ಡ ಪ್ರಮಾಣ ಯಾಕೆಂದರೆ, ಮಾಮೂಲಿ ದಾರಿ ಕೆಟ್ಟಿದ್ದರೂ ಸುಮಾರು ನೂರರಲ್ಲಿ ಒಂದು ಪಾಲು ತಾನಾಗಿ ಒಳಗೆ ಸೇರುತ್ತದೆ, ಅಷ್ಟಾದರೆ ದಿನದ ಅಗತ್ಯ ಮೀರಿಯೇ ಸಿಕ್ಕಿತು. ಐದನೇ ತಿಂಗಳಲ್ಲಿ ಒಂದು ದಿನ ಫೋನ್ ಮಾಡಿ, "ಅಡಿಕೆ ತೊಟ್ಟು ಕೈಗೆ ಚುಚ್ತು ನೋಡು" ಅಂದಳು. ಚುಚ್ಚಿತು ಎಂಬ ಮಾತಿಗೆ ಅಷ್ಟು ಸಂತೋಷ ಪಟ್ಟದ್ದು ನನಗೆ ಅದೇ ಮೊದಲು. ಕೈ ಬಹುಪಾಲು ಸರಿಯಾಗಿದೆ. ಪಾದಗಳ ಜೋಮು ಪೂರ್ತಿ ಹೋಗಿಲ್ಲ, ಹೋಗುವುದೂ ಕಷ್ಟ ಎಂದಿದ್ದಾರೆ. ನರ ಬಹಳ ಕಾಲ ಹಸಿದರೆ ಎಷ್ಟೋ ಸಲ ಮತ್ತೆ ಪೂರ್ತಿ ಚೇತರಿಸುವುದಿಲ್ಲ.

ಕೊಳ್ಳುವವರಿಗೆ ಒಂದು ಎಚ್ಚರಿಕೆ. ಬಿ12 ಕೊಡಿ ಎಂದರೆ ಅಂಗಡಿಯಲ್ಲಿ ಐದಾರು ಪದಾರ್ಥ ಸೇರಿದ ಕ್ಯಾಪ್ಸೂಲ್ ಕೈಗೆ ಬರುತ್ತದೆ, ಬೆಲೆ ಎರಡು ಮೂರು ಪಟ್ಟು. ಅದರಲ್ಲಿ ಬಿ6 ಹೆಚ್ಚಿದ್ದು ವರ್ಷಗಟ್ಟಲೆ ತಗೊಂಡರೆ ಅದೇ ನರಗಳಿಗೆ ಹಾನಿ ಮಾಡಬಲ್ಲದು. ಬರೇ ಬಿ12 ಇರುವುದನ್ನು ಕೇಳಿ ಪಡೆಯಿರಿ. ನಮಗೆ ತಿಂಗಳಿಗೆ 150 ರೂಪಾಯಿ ಒಳಗೆ ಮುಗಿಯುತ್ತದೆ.

ಆ ಸಲ ನನ್ನದೂ ಪರೀಕ್ಷೆ ಆಯಿತು. ಬಿ12 ಅಂಚಿನಲ್ಲಿತ್ತು, 210. ವಿಟಮಿನ್ ಡಿ 14. ಡಿ ವಿಷಯದಲ್ಲಿ 20ಕ್ಕಿಂತ ಕೆಳಗಿದ್ದರೆ ಕೊರತೆ. ಕಾರವಾರದ ಬಿಸಿಲಿನಲ್ಲಿ ಬೆವರಿ ಬಸವಳಿಯುವವಳಿಗೆ ಬಿಸಿಲಿನ ವಿಟಮಿನ್ ಇಲ್ಲ ಎಂದರೆ ನಂಬಲಾಗಲಿಲ್ಲ. ಯೋಚಿಸಿದರೆ, ಚರ್ಮದಲ್ಲಿ ಡಿ ಆಗುವುದು ನೆತ್ತಿಯ ಮೇಲಿನ ಬಿಸಿಲಿಗೆ, ನಮ್ಮ ನೆರಳು ನಮಗಿಂತ ಗಿಡ್ಡ ಇರುವ ಹೊತ್ತಿನಲ್ಲಿ. ಆ ಹೊತ್ತಿಗೆ ನಾನು ತರಗತಿಯೊಳಗೆ. ಹೊರಗೆ ಬಂದರೆ ತುಂಬು ತೋಳು, ಕೊಡೆ. ಜೂನ್‌ನಿಂದ ಸೆಪ್ಟೆಂಬರ್ ಮುಗಿಯುವವರೆಗೆ ಆಕಾಶವೇ ಕಾಣುವುದಿಲ್ಲ. ಆಯಿಗಂತೂ ಅಡಿಕೆ ತೋಟದ ನೆರಳು.

ವಾರಕ್ಕೊಮ್ಮೆ ಡಿ 60,000 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ), ಎಂಟು ವಾರ, ಊಟವಾದ ಮೇಲೆ ಹಾಲಿನ ಜೊತೆ. ಡಿ ಕೊಬ್ಬಿನಲ್ಲಿ ಕರಗುವುದರಿಂದ ಖಾಲಿ ಹೊಟ್ಟೆಗೆ ತಗೊಂಡರೆ ಅಷ್ಟು ಸೇರುವುದಿಲ್ಲ. ಎರಡನೇ ತಿಂಗಳು ಮುಗಿಯುವ ಹೊತ್ತಿಗೆ ಮೊಣಕಾಲಿನ ಕೆಳಗಿನ ಆ ನೋವು ನಿಂತಿತು. ನಾಲ್ಕು ವರ್ಷ ಮಲ್ಟಿವಿಟಮಿನ್ ನುಂಗಿಯೂ ನಿಲ್ಲದ ನೋವು ಅದು. ಆದರೆ ಇಲ್ಲೇ ಅಪಾಯವೂ ಇದೆ. ನಮ್ಮ ಪರಿಚಯದ ಹಿರಿಯರೊಬ್ಬರು ಅದೇ 60,000ದ ಕ್ಯಾಪ್ಸೂಲನ್ನು ವಾರಕ್ಕೊಂದರ ಬದಲು ದಿನಕ್ಕೊಂದರಂತೆ ತಿಂಗಳುಗಟ್ಟಲೆ ತಗೊಂಡು, ವಾಂತಿ, ಮಲಬದ್ಧತೆ, ಮಂಕು ಹಿಡಿದು ಆಸ್ಪತ್ರೆ ಸೇರಿದರು. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟಾಗಿತ್ತು. ಹೆಚ್ಚಾದ ಬಿ2ನಂತೆ ಡಿ ಹೊರಗೆ ಹೋಗುವುದಿಲ್ಲ, ಮೈಯಲ್ಲೇ ಉಳಿಯುತ್ತದೆ. ಚೀಟಿ ಇಲ್ಲದೇ ಇದು ಇಷ್ಟು ಸುಲಭವಾಗಿ ಸಿಗಬಾರದು ಎಂಬುದು ನನ್ನ ಬಲವಾದ ಅಭಿಪ್ರಾಯ.

ಮಲ್ಟಿವಿಟಮಿನ್ ಪೂರ್ತಿ ಬಿಟ್ಟದ್ದು 2024ರಲ್ಲಿ. ಆ ವರ್ಷ ಅಮೆರಿಕದಲ್ಲಿ ಸುಮಾರು 3,90,000 ಆರೋಗ್ಯವಂತ ವಯಸ್ಕರನ್ನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಗಮನಿಸಿದ ಅಧ್ಯಯನ ಪ್ರಕಟವಾಯಿತು. ದಿನವೂ ಮಲ್ಟಿವಿಟಮಿನ್ ತಗೊಂಡವರು ತಗೊಳ್ಳದವರಿಗಿಂತ ಹೆಚ್ಚು ಬದುಕಲಿಲ್ಲ. 25,871 ಜನರ ಮೇಲಿನ ವೈಟಲ್ ಎಂಬ ಪ್ರಯೋಗದಲ್ಲಿ ದಿನಕ್ಕೆ 2,000 ಐಯು ಡಿ ಕೊಟ್ಟರೂ ಕ್ಯಾನ್ಸರ್ ಬರುವುದು, ಹೃದಯಾಘಾತವಾಗುವುದು ಕಡಿಮೆಯಾಗಲಿಲ್ಲ ಎಂದು 2018ರಲ್ಲೇ ಬಂದಿತ್ತು. ಇದನ್ನು ಓದಿ ಡಿ ಕೂಡ ವ್ಯರ್ಥ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಆ ಪ್ರಯೋಗಕ್ಕೆ ಸೇರಿದವರ ಸರಾಸರಿ ಡಿ ಮಟ್ಟ ಮೊದಲೇ 30ರ ಆಸುಪಾಸಿತ್ತು. ತುಂಬಿದ ಕೊಡಕ್ಕೆ ನೀರು ಹೊಯ್ದ ಲೆಕ್ಕ. ಡಿ 14 ಇದ್ದ ನನಗೂ, ಬಿ12 ಬರೇ 96 ಇದ್ದ ಆಯಿಗೂ ಆ ಅಧ್ಯಯನಗಳ ಫಲಿತಾಂಶ ಹೊಂದುವುದಿಲ್ಲ.

ನನ್ನ ಸಹೋದ್ಯೋಗಿ ಬೈತಖೋಲದ ಮೀನುಗಾರ ಮನೆಯವಳು. ವಾರಕ್ಕೆ ನಾಲ್ಕು ದಿನ ಮನೆಯಲ್ಲಿ ಬಾಂಗಡೆಯೋ ತಾರ್ಲೆಯೋ ಇರುತ್ತದೆ. ಅವಳೂ ಆನ್‌ಲೈನ್‌ನಲ್ಲಿ ಮೀನೆಣ್ಣೆ ಕ್ಯಾಪ್ಸೂಲ್ ತರಿಸಿ ನುಂಗುತ್ತಿದ್ದಳು. ಬಾಂಗಡೆಯಲ್ಲಿ ಒಮೇಗಾ-3 ಇದೆ, ಅದರ ಜೊತೆಗೇ ಬಿ12 ಇದೆ, ಡಿ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ ಇದ್ದಾಗ ತಾಜಾ ಮೀನು ಕಡಿಮೆ, ನಿಜ. ಬಿ12 ಯಕೃತ್ತಿನಲ್ಲಿ ವರ್ಷಗಟ್ಟಲೆ ಕೂಡಿಟ್ಟಿರುತ್ತದೆ, ಎರಡು ತಿಂಗಳಿಗೆ ಏನೂ ಆಗುವುದಿಲ್ಲ. ಅವಳು ಕ್ಯಾಪ್ಸೂಲ್ ಬಿಟ್ಟಳು.

ಸ್ಪಿರುಲಿನಾದಲ್ಲಿ ಬಿ12 ತುಂಬಿದೆ ಎಂದು ಸಂಬಂಧಿಕರೊಬ್ಬರು 2,800 ರೂಪಾಯಿಯ ಡಬ್ಬಿ ಕೊಡಿಸಿದ್ದರು. ಅದರಲ್ಲಿ ಹೆಚ್ಚಿನಂಶ ಬಿ12ನ ಹೋಲಿಕೆಯ ವಸ್ತು, ನಮ್ಮ ದೇಹಕ್ಕೆ ಬಳಸಲು ಬಾರದ್ದು. ಇಂಥ ಡಬ್ಬಿಗಳು ಆಹಾರದ ಪರವಾನಗಿಯಲ್ಲಿ ಮಾರಾಟವಾಗುತ್ತವೆ, ಔಷಧ ಬಳಕೆಗೆ ಅಲ್ಲ ಎಂದು ಲೇಬಲ್ ಮೇಲೆ ಬರೆಯಲೇಬೇಕು. ಆ ಸಾಲನ್ನು ಹುಡುಕಿ ಓದಿ.

ಇಷ್ಟೆಲ್ಲದರ ನಡುವೆ ನಾನು ಕಂಡ ಅತ್ಯಂತ ಉಪಯೋಗದ ಗುಳಿಗೆಗೆ ಬೆಲೆಯೇ ಇಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ಮಕ್ಕಳಿಗೆ ಕೊಡುವ ನೀಲಿ ಕಬ್ಬಿಣದ ಗುಳಿಗೆ, 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಬಿಸಿಯೂಟ ಆದ ಮೇಲೆ ಕೊಡುತ್ತೇನೆ, ಹೊಟ್ಟೆ ತೊಳಸುವುದು ಕಡಿಮೆಯಾಗುತ್ತದೆ. ಚಹಾ ಕಬ್ಬಿಣವನ್ನು ಕಟ್ಟಿಹಾಕುತ್ತದೆ, ಮನೆಗೆ ಹೋದ ತಕ್ಷಣ ಕುಡಿಯಬೇಡಿ, ಲಿಂಬು ಶರಬತ್ತು ಕುಡಿಯಿರಿ ಎನ್ನುತ್ತೇನೆ. ಬೆಂಚಿನ ಕೆಳಗೆ ಎಸೆದ ಗುಳಿಗೆ ಸಿಕ್ಕರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಮುಟ್ಟು ಶುರುವಾದ ಹುಡುಗಿಯರಿಗೆ ಇದು ಬೇಕೇ ಬೇಕು.

ಐದಕ್ಕೆ ಎಷ್ಟು ಅಂಕ ಎಂದು ಕೇಳಿದರೆ, ಸಸ್ಯಾಹಾರಿ ಮನೆಗೆ ಬಿ12ಗೆ ಐದು. ಪರೀಕ್ಷೆ ಮಾಡಿಸಿ ತಗೊಂಡ ಡಿಗೆ ನಾಲ್ಕು. ನಾನು ತಗೊಂಡ ಮಲ್ಟಿವಿಟಮಿನ್‌ಗೆ ಒಂದು, ಬಯೋಟಿನ್‌ಗೆ ಅದೂ ಇಲ್ಲ. ಕ್ಯಾಲ್ಸಿಯಂ ಗುಳಿಗೆ ಬಿಟ್ಟು ರಾಗಿ ಅಂಬಲಿಗೆ ಬಂದಿದ್ದೇನೆ, 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಇಬ್ಬರಿಗೂ ಬಿ12 ನಡೆಯುತ್ತಿದೆ, ಡಿ ಮಾತ್ರ ಮಳೆಗಾಲ ಮುಗಿದ ಮೇಲೆ ಪರೀಕ್ಷೆ ನೋಡಿಕೊಂಡು. ಆಯಿಯ ಮುಂದಿನ ಪರೀಕ್ಷೆ ದೀಪಾವಳಿ ಮುಗಿದ ವಾರಕ್ಕೆ, ಕೊನೆಕೊಯ್ಲು ಶುರುವಾಗುವ ಮೊದಲು. ಅವಳು ಈಗ ಮತ್ತೆ ಮೆಟ್ಟುಗತ್ತಿಯ ಮುಂದೆ ಕೂರುತ್ತಾಳೆ, ಪಕ್ಕದಲ್ಲಿ ನಾನಿದ್ದರೆ ಪ್ರತಿ ಬುಟ್ಟಿ ತುಂಬಿದಾಗಲೂ ಅವಳ ಬೆರಳು ನೋಡುತ್ತೇನೆ.